ಹನಿ ಬೀಳುವ ಜಾಗ, ನೀರು ನುಗ್ಗುವ ಜಾಗ: ಸೋರುವ ಹಂಚಿನ ಮಾಡಿನ ಮೇಲೊಂದು ಪಾಠ

ತರಗತಿ: 8 ಅಥವಾ 9
ವಿಷಯ: ವಿಜ್ಞಾನ
ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು

ಹಿನ್ನೆಲೆ

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಅಲ್ಲಿಂದ ಹರಡಿದ ಮಂಗಳೂರು ಹಂಚು ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಹಳೆಯ ಶಾಲಾ ಕೊಠಡಿಗಳ ಮೇಲೆ ಇಂದಿಗೂ ಇದೆ. ಮಳೆಗಾಲದಲ್ಲಿ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಇಂಥ ಕೊಠಡಿಗಳಲ್ಲಿ ಬೆಂಚು ಸರಿಸಿ, ಬಕೆಟ್ ಇಟ್ಟು ಪಾಠ ಮಾಡಬೇಕಾಗುವುದು ಅಪರೂಪವೇನಲ್ಲ. ಬೇಸಿಗೆಯಲ್ಲಿ ಸಿಮೆಂಟು ಹಚ್ಚಿದ ಜಾಗವೇ ಮುಂದಿನ ಮಳೆಗೆ ಮತ್ತೆ ಸೋರುವುದೂ ಉಂಟು. ಹನಿ ಬೀಳುವ ಜಾಗವನ್ನೇ ನೀರು ನುಗ್ಗುವ ಜಾಗವೆಂದು ತಿಳಿದು ರಿಪೇರಿ ಮಾಡುವುದು ಇದಕ್ಕೆ ಮುಖ್ಯ ಕಾರಣ. ಈ ಎರಡು ಜಾಗಗಳ ನಡುವಿನ ದಾರಿಯನ್ನು ಹುಡುಕಲು ಕಲಿಸುವುದೇ ಈ ಪಾಠ.

ಕಲಿಕೆಯ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
1. ಮಾಡಿನೊಳಗೆ ನೀರು ಸಾಗುವ ದಾರಿಯನ್ನು ಚಿತ್ರ ಬರೆದು ವಿವರಿಸುವನು;
2. ಕಿರಿದಾದ ಸಂದಿನಲ್ಲಿ ನೀರು ಮೇಲೇರುವುದನ್ನು ಪ್ರಯೋಗದಿಂದ ತೋರಿಸುವನು;
3. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸುವನು;
4. ಸರಿಪಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸದೆ ತೀರ್ಮಾನಕ್ಕೆ ಬರಲಾಗದೆಂದು ಅರಿಯುವನು.

ಸಾಮಗ್ರಿ

ಹನ್ನೆರಡು ಹಂಚು (ಒಂದು ಬಿರುಕು ಬಿಟ್ಟದ್ದು), ಬದಲಿಗೆ ಒಂದು ಒಳ್ಳೆಯ ಹಂಚು, ಎರಡು ಪಕ್ಕಾಸು, ಐದು ರೀಪು, ಗಿಡಕ್ಕೆ ನೀರು ಹಾಕುವ ಕ್ಯಾನು, ಹಳೆಯ ದಿನಪತ್ರಿಕೆ, ಎರಡು ಗಾಜಿನ ಹಲಗೆ, ಬೆಂಕಿಕಡ್ಡಿ, ರಬ್ಬರ್ ಬ್ಯಾಂಡು, ಬಣ್ಣದ ನೀರು, ಸೀಮೆಸುಣ್ಣ.

ಪಕ್ಕಾಸುಗಳನ್ನು ಜಗಲಿಯ ಗೋಡೆಗೆ ಓರೆಯಾಗಿ, ಜಾರದಂತೆ ನಿಲ್ಲಿಸಿ, ರೀಪು ಹೊಡೆದು, ಸಾಲಿಗೆ ಮೂರರಂತೆ ನಾಲ್ಕು ಸಾಲು ಹಂಚು ಹೊದಿಸಿರಿ. ಬಿರುಕಿನ ಹಂಚು ಕೆಳಗಿನಿಂದ ಮೂರನೆಯ ಸಾಲಿನಲ್ಲಿರಲಿ. ಅದು ಎಲ್ಲಿದೆಯೆಂದು ಮಕ್ಕಳಿಗೆ ಹೇಳಬೇಡಿ.

ಪೀಠಿಕೆ

ಒಂದು ಲೆಕ್ಕದಿಂದ ಆರಂಭಿಸಿರಿ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮಾಡು 60 ಚದರ ಮೀಟರ್ ನೆಲವನ್ನು ಮುಚ್ಚಿದ್ದರೆ, 50 ಮಿ.ಮೀ. ಮಳೆಯ ದಿನ ಅದರ ಮೇಲೆ ಬೀಳುವ ನೀರೆಷ್ಟು? 3,000 ಲೀಟರ್. ಉತ್ತರ ಬಂದ ಮೇಲೆ ಕೇಳಿರಿ: “ಇಷ್ಟು ನೀರಿನಲ್ಲಿ ಒಂದು ಬಕೆಟ್ ಮಾತ್ರ ಒಳಗೆ ಬಂತು. ಆ ಒಂದು ಬಕೆಟ್ ಯಾವ ದಾರಿಯಿಂದ ಬಂತು?”

“ಹಂಚು ಒಡೆದಿದೆ ಸರ್” ಎಂಬ ಉತ್ತರ ಕೂಡಲೇ ಬರುತ್ತದೆ. ಅದನ್ನು ಸರಿ ಎಂದೂ ತಪ್ಪು ಎಂದೂ ಹೇಳದೆ ಕಪ್ಪುಹಲಗೆಯ ಮೇಲೆ ‘ಊಹೆ 1’ ಎಂದು ಬರೆಯಿರಿ. ಇನ್ನೂ ಎರಡು ಊಹೆಗಳು ಬರುವವರೆಗೆ ಕಾಯಿರಿ.

ಚಟುವಟಿಕೆ 1: ನೀರು ಮೇಲಕ್ಕೂ ಏರುತ್ತದೆ

ಎರಡು ಶುಭ್ರವಾದ ಗಾಜಿನ ಹಲಗೆಗಳ ಒಂದು ಅಂಚು ಕೂಡಿರಲಿ. ಇನ್ನೊಂದು ಅಂಚಿನ ನಡುವೆ ಬೆಂಕಿಕಡ್ಡಿ ಇಟ್ಟು ರಬ್ಬರ್ ಬ್ಯಾಂಡಿನಿಂದ ಬಿಗಿದು, ಬಣ್ಣದ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿರಿ. ಸಂದು ಅಗಲವಿರುವಲ್ಲಿ ನೀರು ತುಸುವೇ ಏರುತ್ತದೆ. ಕಿರಿದಾದಂತೆಲ್ಲ ಎತ್ತರಕ್ಕೆ ಏರುತ್ತದೆ. ಸಂದು 1 ಮಿ.ಮೀ. ಇದ್ದಲ್ಲಿ ಏರಿಕೆ ಸುಮಾರು 1.5 ಸೆಂ.ಮೀ., ಅರ್ಧ ಮಿ.ಮೀ. ಇದ್ದಲ್ಲಿ ಸುಮಾರು 3 ಸೆಂ.ಮೀ.

ಈಗ ಹಂಚೊಂದನ್ನು ಕೈಗೆ ಕೊಡಿ. ಪಕ್ಕದ ಅಂಚುಗಳಲ್ಲಿ ಏಣು ಮತ್ತು ಕಾಲುವೆ ಏಕಿವೆ? ಒಂದು ಹಂಚಿನ ಏಣು ಮತ್ತೊಂದರ ಕಾಲುವೆಯ ಮೇಲೆ ಕೂರುತ್ತದೆ. ಸಂದಿನಲ್ಲಿ ನುಸುಳಿದ ನೀರು ಅಗಲವಾದ ಕಾಲುವೆಗೆ ಬಂದೊಡನೆ ಏರುವ ಬಲ ಕಳೆದುಕೊಂಡು, ಇಳಿಜಾರು ಹಿಡಿದು ಹೊರಗೆ ಹೋಗುತ್ತದೆ. ಆ ಕಾಲುವೆಯಲ್ಲಿ ಪಾಚಿ, ತರಗೆಲೆ, ಮಣ್ಣು ತುಂಬಿದರೆ ಏನಾಗುತ್ತದೆ? ಹಂಚು ಒಡೆಯದೆಯೂ ಮಾಡು ಸೋರುತ್ತದೆ. ಇದು ‘ಊಹೆ 2’. ಗಾಳಿಯ ರಭಸಕ್ಕೆ ಇರಚಲು ಹೊಡೆದು ನೀರು ಸಂದಿಗೆ ನುಗ್ಗುವುದು ‘ಊಹೆ 3’.

ಚಟುವಟಿಕೆ 2: ಎಲ್ಲಿಂದ ಸುರಿಯಬೇಕು?

ಮಾದರಿ ಮಾಡಿನ ಅಡಿಯಲ್ಲಿ ದಿನಪತ್ರಿಕೆ ಹಾಸಿರಿ. ಮೊದಲ ಅವಧಿಯಲ್ಲಿ ಮಕ್ಕಳೇ ತಮಗೆ ತೋಚಿದಂತೆ ನೀರು ಸುರಿಯಲಿ. ಹೆಚ್ಚಿನವರು ಮೇಲಿನಿಂದಲೇ ಸುರಿಯುತ್ತಾರೆ. ಮಾಡೆಲ್ಲ ಒದ್ದೆಯಾಗುತ್ತದೆ, ಹನಿಯೂ ಬೀಳುತ್ತದೆ. ಆದರೆ ನೀರು ಯಾವ ಸಾಲಿನಲ್ಲಿ ಒಳಗೆ ಬಂತೆಂದು ಯಾರೂ ಹೇಳಲಾರರು. ಏಕೆ ಹೇಳಲಾಗಲಿಲ್ಲ ಎಂಬ ಚರ್ಚೆಯೇ ಈ ಅವಧಿಯ ತಿರುಳು. ಅದಕ್ಕೆ ಸಮಯ ಕೊಡಿ.

ಎರಡನೆಯ ಅವಧಿಗೆ ಮಾದರಿ ಪೂರ್ತಿ ಒಣಗಿರಲಿ. ಈ ಬಾರಿ ಸೂರಿನ ಕಡೆಯಿಂದ, ಅಂದರೆ ಕೆಳಗಿನ ಸಾಲಿನಿಂದ ಆರಂಭಿಸಿರಿ. ಒಂದು ಸಾಲಿಗೆ ಐದು ನಿಮಿಷ. ಒಬ್ಬ ವಿದ್ಯಾರ್ಥಿ ಸುರಿಯಲಿ. ಇಬ್ಬರು ಅಡಿಯಿಂದ ನೋಡುತ್ತಾ, ತೇವ ಕಂಡ ಕೂಡಲೇ ಸೀಮೆಸುಣ್ಣದಿಂದ ಗುರುತು ಹಾಕಲಿ. ಒಬ್ಬಳು ಹೊತ್ತು ಬರೆದುಕೊಳ್ಳಲಿ. ಮೊದಲ ಸಾಲು ಸೋರದಿದ್ದರೆ ಎರಡನೆಯದು. ಅದೂ ಸೋರದಿದ್ದರೆ ಮೂರನೆಯದು.

ಮೂರನೆಯ ಸಾಲಿಗೆ ಬಂದಾಗ ಒಳಗೆ ತೇವ ಕಾಣುತ್ತದೆ. ನೀರು ಹಂಚಿನ ಒಳಬದಿಗೆ ಅಂಟಿಕೊಂಡು ಇಳಿದು ರೀಪಿಗೆ ತಾಗುತ್ತದೆ. ರೀಪಿನುದ್ದಕ್ಕೂ ಪಕ್ಕಕ್ಕೆ ಸರಿದು, ಪಕ್ಕಾಸು ಸಿಕ್ಕಲ್ಲಿ ಅದರ ಬದಿ ಹಿಡಿದು ಮತ್ತೆ ಇಳಿಯುತ್ತದೆ. ಮರದ ಗಂಟೋ ಮೊಳೆಯೋ ಅಡ್ಡ ಬಂದಲ್ಲಿ ಹನಿಯಾಗಿ ಬೀಳುತ್ತದೆ. ಪತ್ರಿಕೆಯ ಮೇಲಿನ ಒದ್ದೆ ಗುರುತಿಗೂ ಬಿರುಕಿಗೂ ಇರುವ ಅಂತರವನ್ನು ಮಕ್ಕಳೇ ಅಳೆಯಲಿ.

ಇಲ್ಲಿಗೆ ನಿಲ್ಲಿಸಬೇಡಿ. ಬಿರುಕಿನ ಹಂಚು ತೆಗೆದು ಒಳ್ಳೆಯದನ್ನು ಇಟ್ಟು, ಒಳಬದಿಯನ್ನು ಬಟ್ಟೆಯಿಂದ ಒರೆಸಿ, ಅದೇ ಸಾಲಿಗೆ ಅಷ್ಟೇ ಹೊತ್ತು ಮತ್ತೆ ನೀರು ಸುರಿಯಿರಿ. ಹನಿ ನಿಂತರೆ ಮಾತ್ರ ಊಹೆ ದೃಢಪಟ್ಟಂತೆ.

ಚಟುವಟಿಕೆ 3: ಮಾಡೂ ಗೋಡೆಯೂ ಕೂಡುವಲ್ಲಿ

ಶಾಲೆಯ ಮಾಡನ್ನು ಮಕ್ಕಳು ನೆಲದ ಮೇಲಿನಿಂದಲೇ ನೋಡಲಿ. ಎತ್ತರದ ಗೋಡೆಗೆ ತಾಗಿ ಇಳಿಯುವ ಜಗಲಿಯ ಮಾಡಿನಲ್ಲಿ ಸೋರಿಕೆ ಹೆಚ್ಚಾಗಿ ಕಾಣುವುದು ಆ ಕೂಡುವ ಗೆರೆಯಲ್ಲಿ. ಅಲ್ಲಿ ಸಿಮೆಂಟು ಮೆತ್ತಿರುತ್ತಾರೆ. ಮರ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗೋಡೆ ಅಷ್ಟು ಅಲುಗುವುದಿಲ್ಲ. ಬಾಗಲಾರದ ಸಿಮೆಂಟು ಇವೆರಡರ ನಡುವೆ ಬಿರುಕು ಬಿಡುತ್ತದೆ. ಆ ಬಿರುಕು ಕೂದಲೆಳೆಯಷ್ಟಿದ್ದರೂ ಅದರಲ್ಲಿ ನೀರು ಹೇಗೆ ಸಾಗೀತೆಂದು ಗಾಜಿನ ಹಲಗೆಗಳನ್ನು ನೋಡಿದ ಮಕ್ಕಳು ಹೇಳಬಲ್ಲರು.

ಸರಿಯಾದ ರಿಪೇರಿ ಹೀಗೆ: ಗೋಡೆಯಲ್ಲಿ ಸಣ್ಣ ಗಾಡಿ ಕೊರೆದು, ತಗಡಿನ ಪಟ್ಟಿಯ ಮೇಲಂಚನ್ನು ಅದರೊಳಗೆ ಸೇರಿಸಿ ಗಾರೆಯಿಂದ ಮುಚ್ಚಬೇಕು. ಕೆಳ ಅಂಚು ಹಂಚಿನ ಮೇಲೆ ಸಡಿಲವಾಗಿ ಮಲಗಿರಬೇಕು. ಆಗ ಮರ ಹಿಗ್ಗಿದರೂ ಕುಗ್ಗಿದರೂ ಹೊದಿಕೆ ಕಳಚುವುದಿಲ್ಲ. ಕೆಳ ಅಂಚನ್ನೂ ಅಂಟಿನಿಂದ ಮುಚ್ಚಿದರೆ, ಒಳಗೆ ಸೇರಿದ ನೀರಿಗೆ ಹೊರಗೆ ಹೋಗುವ ದಾರಿ ಇಲ್ಲದಾಗಿ ಗೋಡೆಯೇ ಒದ್ದೆಯಾಗುತ್ತದೆ. ಮಕ್ಕಳು ನೆನಪಿಡಬೇಕಾದ ಸೂತ್ರ ಒಂದೇ: ಮೇಲಿನದು ಯಾವಾಗಲೂ ಕೆಳಗಿನದರ ಮೇಲೆ ಹೊದ್ದಿರಬೇಕು.

ಎಚ್ಚರಿಕೆ

ವಿದ್ಯಾರ್ಥಿಗಳಾಗಲಿ ಪ್ರಶಿಕ್ಷಣಾರ್ಥಿಗಳಾಗಲಿ ಮಾಡು ಹತ್ತಕೂಡದು. ಪಾಚಿ ಕಟ್ಟಿದ ಹಂಚು ಜಾರುತ್ತದೆ, ಹಳೆಯದು ಭಾರಕ್ಕೆ ಒಡೆಯುತ್ತದೆ; ಆ ಕೆಲಸ ಹಂಚು ಹೊದಿಸಿ ಅನುಭವವಿದ್ದವರದು. ವಿದ್ಯುತ್ ತಂತಿ ಅಥವಾ ದೀಪದ ಬಳಿ ನೀರಿಳಿಯುತ್ತಿದ್ದರೆ ಮೇನ್ ಸ್ವಿಚ್ ಆರಿಸಿಸಿ, ಮಕ್ಕಳನ್ನು ಬೇರೆ ಕೊಠಡಿಗೆ ಕಳುಹಿಸಬೇಕು.

ಮೌಲ್ಯಮಾಪನ

1. ಕೆಳಗಿನ ಸಾಲಿನಿಂದ ಪರೀಕ್ಷೆ ಆರಂಭಿಸಿದ್ದೇಕೆ?
2. ಜೋರು ಮಳೆಗೆ ಸೋರದ ಮಾಡು ಗಾಳಿಮಳೆಗೆ ಸೋರಿದರೆ ಯಾವ ಊಹೆಯನ್ನು ಮೊದಲು ಪರೀಕ್ಷಿಸುವಿರಿ?
3. ನಿಮ್ಮ ಮನೆಯಲ್ಲಿ ಸೋರುವ ಒಂದು ಜಾಗದ ಚಿತ್ರ ಬರೆದು, ನೀರು ಬಂದಿರಬಹುದಾದ ಎರಡು ದಾರಿಗಳನ್ನು ಗುರುತಿಸಿ.

ಮೂರನೆಯ ಪ್ರಶ್ನೆಗೆ ಒಂದೇ ದಾರಿ ಬರೆದವರಿಗೆ ಚಟುವಟಿಕೆ 2ರ ಟಿಪ್ಪಣಿಯನ್ನು ಮತ್ತೆ ನೋಡಲು ಹೇಳಿರಿ.

ಪ್ರಶಿಕ್ಷಣಾರ್ಥಿಗಳಿಗೆ

ಇದೇ ಕ್ರಮವನ್ನು ನೈದಾನಿಕ ಪರೀಕ್ಷೆಗೂ ಬಳಸಬಹುದು. 402ರಿಂದ 178 ಕಳೆಯಲು ಕೊಟ್ಟಾಗ ಮಗು 376 ಎಂದು ಬರೆದಿದೆ ಎನ್ನೋಣ. ತಪ್ಪು ಕಂಡದ್ದು ವ್ಯವಕಲನದಲ್ಲಿ. ಆದರೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರುವುದನ್ನು ನೋಡಿದರೆ, ತೊಡಕು ಇರುವುದು ಸ್ಥಾನಬೆಲೆಯ ತಿಳಿವಳಿಕೆಯಲ್ಲಿ ಎಂಬ ಅನುಮಾನ ಬರುತ್ತದೆ. ಇನ್ನೂ ಹತ್ತು ವ್ಯವಕಲನ ಲೆಕ್ಕ ಕೊಡುವುದು ಹನಿ ಬಿದ್ದಲ್ಲೇ ಸಿಮೆಂಟು ಮೆತ್ತಿದಂತೆ. ಕೆಳಗಿನ ಮೆಟ್ಟಿಲಿನಿಂದ, ಒಂದು ಬಾರಿಗೆ ಒಂದೇ ಪ್ರಶ್ನೆ ಕೇಳುತ್ತಾ ಬನ್ನಿ: 42ರಲ್ಲಿ ಹತ್ತುಗಳೆಷ್ಟು? 42ರಿಂದ 18 ಕಳೆದರೆ? 402ರಲ್ಲಿ ಹತ್ತರ ಸ್ಥಾನದ ಸೊನ್ನೆ ಏನು ಹೇಳುತ್ತದೆ? ಮಗು ತಡವರಿಸಿದ ಮೆಟ್ಟಿಲಿನಲ್ಲಿ ಪರಿಹಾರ ಬೋಧನೆ ಮಾಡಿ, ಹೊಸದೊಂದು ಲೆಕ್ಕದಿಂದ ಮತ್ತೆ ಪರೀಕ್ಷಿಸಿರಿ. ಪಾಠ ವೀಕ್ಷಿಸುವ ಮೇಲ್ವಿಚಾರಕರೂ ಗಮನಿಸಬೇಕಾದದ್ದು ಈ ಮರುಪರೀಕ್ಷೆ ನಡೆಯಿತೇ ಎಂಬುದನ್ನೇ.