ಕಡತ ಒಂದೇ, ಗಣಕಯಂತ್ರ ಹಲವು: ಪಂಚಾಯಿತಿ ಕಚೇರಿಯ ಒಳಜಾಲದಲ್ಲಿ ಕಡತ ಹಂಚಿಕೆ



ನಾನು ಹಿಂದೆ ಸೇವೆ ಸಲ್ಲಿಸಿದ ಪಂಚಾಯಿತಿಯೊಂದರಲ್ಲಿ ವಸತಿ ಫಲಾನುಭವಿಗಳ ಪಟ್ಟಿಯು ಎರಡು ಗಣಕಯಂತ್ರಗಳಲ್ಲಿತ್ತು. ಗ್ರಾಮಸಭೆಯ ತಿದ್ದುಪಡಿಯನ್ನು ಒಂದರಲ್ಲಿ ನಮೂದಿಸಿದ್ದೆವು. ಪೆನ್‌ಡ್ರೈವ್‌ನಲ್ಲಿ ತಾಲ್ಲೂಕಿಗೆ ಹೋದದ್ದು ಮತ್ತೊಂದರ ಪ್ರತಿ. ಸಭೆಯು ಆಯ್ಕೆ ಮಾಡಿದ್ದ ವಿಧವೆಯೊಬ್ಬರ ಹೆಸರು ಅದರಲ್ಲಿರಲಿಲ್ಲ. ಅದು ಸರಿಯಾಗುವಷ್ಟರಲ್ಲಿ ಆಕೆ ಹಲವು ಬಾರಿ ಕಚೇರಿಗೆ ಅಲೆಯಬೇಕಾಯಿತು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಒಂದೇ ಕಡತಕ್ಕೆ ಎರಡು ಪ್ರತಿಗಳಿದ್ದುದೇ ದೋಷ. ಇದಕ್ಕೆ ಪರಿಹಾರ ಒಳಜಾಲದ ಕಡತ ಹಂಚಿಕೆ.

ವ್ಯವಸ್ಥೆ ಹೇಗೆ?

ಕಚೇರಿಯ ಗಣಕಯಂತ್ರಗಳನ್ನು ಕೇಬಲ್ ಮೂಲಕ ಒಂದೇ ರೂಟರ್‌ಗೆ ಜೋಡಿಸಬೇಕು. ಇದಕ್ಕೆ ಅಂತರ್ಜಾಲ ಬೇಕಿಲ್ಲ. ಸಂಪರ್ಕ ಕಡಿದುಹೋದ ದಿನವೂ ಒಳಜಾಲ ನಡೆಯುತ್ತದೆ. ಒಂದು ಗಣಕಯಂತ್ರವನ್ನು ಮುಖ್ಯ ಯಂತ್ರವೆಂದು ಗೊತ್ತುಪಡಿಸಿ, ಅದಕ್ಕೂ ರೂಟರ್‌ಗೂ ಯುಪಿಎಸ್ ಒದಗಿಸಬೇಕು. ಅದು ಆರಿದರೆ ಉಳಿದವರಿಗೆ ಕಡತ ಸಿಗದು.

1. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಕಚೇರಿಯ ಜಾಲವನ್ನು 'ಪ್ರೈವೇಟ್' ಎಂದು ಆರಿಸಿ, 'ಫೈಲ್ ಶೇರಿಂಗ್' ಚಾಲನೆಗೊಳಿಸುವುದು.
2. ಮುಖ್ಯ ಯಂತ್ರದಲ್ಲಿ ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಹೆಸರು ಮತ್ತು ಪಾಸ್‌ವರ್ಡ್ ಸೃಜಿಸುವುದು.
3. ಫೋಲ್ಡರ್‌ನ 'ಪ್ರಾಪರ್ಟೀಸ್'ನಲ್ಲಿ 'ಶೇರಿಂಗ್' ಆರಿಸಿ, ಬೇಕಾದವರ ಹೆಸರನ್ನಷ್ಟೇ ಸೇರಿಸುವುದು. ಓದಲು ಮಾತ್ರ ಬೇಕಾದವರಿಗೆ 'ರೀಡ್', ತಿದ್ದಬೇಕಾದವರಿಗೆ 'ರೀಡ್/ರೈಟ್'. 'ಎವೆರಿಒನ್' ಎಂಬುದನ್ನು ಬಳಸಕೂಡದು.
4. ಇತರ ಯಂತ್ರಗಳಲ್ಲಿ ಆ ಫೋಲ್ಡರನ್ನು 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಮೂಲಕ ಜೋಡಿಸುವುದು. ಅನಂತರ ಅದು ಆ ಯಂತ್ರದ್ದೇ ಡ್ರೈವ್‌ನಂತೆ ತೆರೆಯುತ್ತದೆ.

ಉದಾಹರಣೆಗೆ, ಕಂದಾಯ ಬೇಡಿಕೆ ಪಟ್ಟಿಯನ್ನು ಲೆಕ್ಕ ಸಹಾಯಕರು ತಿದ್ದಬಹುದು, ಕರ ವಸೂಲಿಗಾರರು ಓದಬಹುದು. ಸಭಾ ನಡವಳಿಯನ್ನು ಕಾರ್ಯದರ್ಶಿಗಳು ತಿದ್ದಬಹುದು, ಉಳಿದವರು ಓದಬಹುದು.

ಎಚ್ಚರಿಕೆಗಳು

ಫಲಾನುಭವಿಗಳ ಆಧಾರ್ ಮತ್ತು ಬ್ಯಾಂಕ್ ವಿವರಗಳು ಈ ಕಡತಗಳಲ್ಲಿರುತ್ತವೆ. ಆದ್ದರಿಂದ ಕಚೇರಿಯ ವೈಫೈ ಪಾಸ್‌ವರ್ಡನ್ನು ಹೊರಗಿನವರಿಗೆ ನೀಡಕೂಡದು. ಅಗತ್ಯವಿದ್ದಲ್ಲಿ ಪ್ರತ್ಯೇಕ 'ಗೆಸ್ಟ್' ಜಾಲವಿರಲಿ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಕುತಂತ್ರಾಂಶವು ವಿಂಡೋಸ್‌ನ ಹಳೆಯ ಕಡತ ಹಂಚಿಕೆ ವಿಧಾನದಲ್ಲಿದ್ದ ದೋಷದ ಮೂಲಕ ಜಗತ್ತಿನಾದ್ಯಂತ ಹರಡಿತು. ಆ ದೋಷಕ್ಕೆ ಪರಿಹಾರವು ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ಬಿಡುಗಡೆಯಾಗಿತ್ತು; ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ಬಲಿಯಾದವು. ಆದ್ದರಿಂದ ವಿಂಡೋಸ್ ಅಪ್‌ಡೇಟನ್ನು ಮುಂದೂಡಬಾರದು.

ಹಂಚಿಕೆಯು ಬ್ಯಾಕಪ್ ಅಲ್ಲ. ಒಬ್ಬರು ಅಳಿಸಿದರೆ ಎಲ್ಲರಿಗೂ ಅಳಿದಂತೆ. ವಾರಕ್ಕೊಮ್ಮೆ ಬಾಹ್ಯ ಡಿಸ್ಕ್‌ಗೆ ಪ್ರತಿ ತೆಗೆದು, ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿಡಬೇಕು. ಆ ಪ್ರತಿಯನ್ನು ತಿದ್ದಲು ಬಳಸಕೂಡದು.

ಸದಸ್ಯರು ಸಾಮಾನ್ಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಪಟ್ಟಿಯ ಮೂಲ ಕಡತ ಎಲ್ಲಿದೆ? ಅದನ್ನು ಯಾರು ತಿದ್ದಬಲ್ಲರು? ವರ್ಗಾವಣೆಗೊಂಡ ಸಿಬ್ಬಂದಿಯ ಹೆಸರನ್ನು ತೆಗೆದುಹಾಕಲಾಗಿದೆಯೇ? ಕೊನೆಯ ಬ್ಯಾಕಪ್ ಯಾವ ದಿನಾಂಕದ್ದು?

ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ತಾಂತ್ರಿಕ ಜ್ಞಾನ ಬೇಕಿಲ್ಲ. ಕೇಳುವವರಿದ್ದಲ್ಲಿ ಕಡತ ಸರಿಯಾಗಿರುತ್ತದೆ. ಕಡತ ಸರಿಯಾಗಿದ್ದಲ್ಲಿ ಗ್ರಾಮಸಭೆಯಲ್ಲಿ ಆಯ್ಕೆಯಾದ ಹೆಸರು ದಾರಿಯಲ್ಲಿ ಕಳೆದುಹೋಗದು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ,
ತಗಡೂರು, ನಂಜನಗೂಡು ತಾಲ್ಲೂಕು