ಮೊದಲು ಕಾರ್ಡು ಹೊರಗೆ ತೆಗೆಯಿರಿ

ಜವಳಗಿರಿಯಲ್ಲಿ ಫೋಟೋ ಕಳೆದುಕೊಂಡವರು ಮೂರು ಭಾಷೆಯಲ್ಲಿ ಬರುತ್ತಾರೆ. ಒಬ್ಬರು "ಅಣ್ಣಾ, ಎಲ್ಲಾ ಹೋಗ್ಬಿಡ್ತು" ಅನ್ನುತ್ತಾರೆ, ಇನ್ನೊಬ್ಬರು "ಅನ್ನೀ ಪೋಯಾಯಿ", ಮತ್ತೊಬ್ಬರು "ಎಲ್ಲಾಂ ಪೋಚ್ಚು". ಮೂವರ ಅಂಗೈಯಲ್ಲೂ ಉಗುರಿನಷ್ಟಗಲದ ಕಪ್ಪು ಚಿಪ್ಪು. ಫಿಲ್ಮ್ ರೋಲನ್ನು ಹೊಸೂರಿಗೆ ಕೊಟ್ಟು ತೊಳೆಸುತ್ತಿದ್ದ ಕಾಲದಲ್ಲಿ ಈ ಕಸುಬಿಗೆ ಬಂದವನು ನಾನು. ಆಗ ರೋಲಿಗೆ ಬೆಳಕು ಬಿದ್ದರೆ ಮುಗಿಯಿತು, ಯಾರೂ ವಾಪಸು ತರುವಂತಿರಲಿಲ್ಲ. ಕಾರ್ಡು ಹಾಗಲ್ಲ. ಹೋಯಿತು ಎಂದು ತಂದುಕೊಟ್ಟ ಕಾರ್ಡಿನಲ್ಲಿ ಬಹಳ ಸಲ ಫೋಟೋ ಇನ್ನೂ ಅಲ್ಲೇ ಕೂತಿರುತ್ತದೆ. ಅದನ್ನು ನಿಜವಾಗಿ ಅಳಿಸಿಹಾಕುವುದು ಆಮೇಲಿನ ಒಂದೆರಡು ಗಂಟೆಯ ಗಾಬರಿ. ಇಷ್ಟು ವರ್ಷ ನೋಡಿ, ಕೆಲವು ಸಲ ಕೆಡಿಸಿಯೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಕಾರ್ಡು ಹೊರಗೆ ತೆಗೆಯಿರಿ, ಉಳಿದ ಮಾತು ಆಮೇಲೆ

ಈ ಪಾಠ ನನಗೆ ಒಂದು ಮದುವೆಯಲ್ಲಿ ಸಿಕ್ಕಿತು. ಹಿಂದಿನ ಸಂಜೆ ರಿಸೆಪ್ಷನ್‌ನಲ್ಲಿ ಸುಮಾರು 900 ಫೋಟೋ ತೆಗೆದಿದ್ದೆವು. ಲ್ಯಾಪ್‌ಟಾಪಿಗೆ ಇಳಿಸಿಯಾಗಿದೆ ಎಂದುಕೊಂಡು ನನ್ನ ಜತೆಯ ಹುಡುಗ ಬೆಳಗ್ಗೆ ಕಾರ್ಡು ಫಾರ್ಮ್ಯಾಟ್ ಮಾಡಿದ. ಇಳಿಸಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಅದೇ ಕಾರ್ಡಿನಲ್ಲಿ ಧಾರೆಯದು 140 ಫೋಟೋ ಆಗಿತ್ತು. ಮುಹೂರ್ತ ನಿಲ್ಲುವುದಿಲ್ಲವಲ್ಲ. ಬೇರೆ ಕಾರ್ಡು ಹಾಕಿಕೊಂಡು ಕೆಲಸ ಮುಗಿಸಿ, ಮೊದಲಿನದನ್ನು ಜೇಬಿನಲ್ಲಿಟ್ಟುಕೊಂಡು ಬಂದೆ.

ರಾತ್ರಿ ಕೂತು ತೆಗೆದಾಗ ರಿಸೆಪ್ಷನ್‌ದು ಮುಕ್ಕಾಲು ಪಾಲಿಗಿಂತ ಹೆಚ್ಚು ಬಂತು. ಬಾರದೆ ಹೋದದ್ದು ಹತ್ತಿರಹತ್ತಿರ 140, ಅದೂ ಮೊದಲು ತೆಗೆದವು. ಫಾರ್ಮ್ಯಾಟ್ ಆದ ಕಾರ್ಡನ್ನು ಕ್ಯಾಮೆರಾ ಮತ್ತೆ ಮೊದಲಿನಿಂದ ತುಂಬಿಸಿಕೊಂಡು ಬರುತ್ತದೆ. ಹಾಗಾಗಿ ಹೊಸ ಫೋಟೋ ಒಂದಕ್ಕೆ ಹಳೆಯ ಫೋಟೋ ಒಂದರಂತೆ, ಸಾಲಾಗಿ ಮೇಲೆ ಮೇಲೆ ಬರೆಯಿಸಿಕೊಂಡು ಹೋಗಿತ್ತು. ಆ ಮೊದಲ 140ರಲ್ಲಿ ಗಂಡಿನ ತಾತ ಚತ್ರದ ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳುವ ಫೋಟೋಗಳೂ ಇದ್ದವು. ತಪ್ಪು ಗೊತ್ತಾದ ಮೇಲೆ ಅದೇ ಕಾರ್ಡಿನಲ್ಲಿ ಒಂದೇ ಒಂದು ಫೋಟೋ ತೆಗೆಯುವುದಕ್ಕೂ ಅಂದಿನಿಂದ ನನಗೆ ಕೈ ಬರುವುದಿಲ್ಲ.

ಮೊಬೈಲಾದರೆ ಇನ್ನೂ ಅವಸರ ಬೇಕು. ಸುಮ್ಮನೆ ಮೇಜಿನ ಮೇಲಿಟ್ಟರೂ ಅದು ವಾಟ್ಸಾಪ್ ವಿಡಿಯೋ ಇಳಿಸಿಕೊಳ್ಳುತ್ತಿರುತ್ತದೆ. ಸ್ವಿಚ್ ಆಫ್ ಮಾಡಿ, ಚಿಪ್ಪು ಹೊರಗೆ ತೆಗೆದು, ಒಂದು ಕಾಗದದಲ್ಲಿ ಮಡಿಚಿಡಿ.

2. ಅಳಿಸುವುದು ಎಂದರೆ ಚಿಟ್ಟಾದಲ್ಲಿ ಹೆಸರು ಹೊಡೆಯುವುದು

ನಮ್ಮ ಕಡೆ ಹೊಲದ ಲೆಕ್ಕಕ್ಕೆ ಚಿಟ್ಟಾ ಎನ್ನುತ್ತೇವೆ. ಗಡಿಯಾಚೆ ಆನೇಕಲ್ಲಿನವರು ಪಹಣಿ ಎಂದುಕೊಳ್ಳಿ. ಕಚೇರಿಯಲ್ಲಿ ಹೆಸರಿನ ಮೇಲೆ ಗೆರೆ ಎಳೆದರೆ ಹೊಲದಲ್ಲಿ ನಿಂತ ರಾಗಿ ಮಾಯವಾಗುವುದಿಲ್ಲ. ಇನ್ನೊಬ್ಬ ಬಂದು ನೇಗಿಲು ಹೂಡಿದರೆ ಮಾತ್ರ ಹೋಗುತ್ತದೆ.

ಕಾರ್ಡಿನಲ್ಲೂ ಅಂಥದೇ ಒಂದು ಲೆಕ್ಕದ ಪುಸ್ತಕ ಇದೆ. ಸಾಮಾನ್ಯವಾಗಿ 32 ಜಿಬಿವರೆಗಿನ ಕಾರ್ಡುಗಳಲ್ಲಿ ಅದರ ಕ್ರಮಕ್ಕೆ ಫ್ಯಾಟ್32 ಎಂದು ಹೆಸರು, ಅದಕ್ಕಿಂತ ದೊಡ್ಡವುಗಳಲ್ಲಿ ಎಕ್ಸ್‌ಫ್ಯಾಟ್. ಡಿಲೀಟ್ ಒತ್ತಿದಾಗ ಫ್ಯಾಟ್32 ಫೋಟೋದ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, ಆ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ. ಫೋಟೋವನ್ನು ಮುಟ್ಟುವುದಿಲ್ಲ. ಕ್ಯಾಮೆರಾದ ಮಾಮೂಲಿ ಫಾರ್ಮ್ಯಾಟ್ ಕೂಡ ಹೆಚ್ಚಿನ ಸಲ ಹೊಸ ಪುಸ್ತಕ ತೆರೆದು ಸುಮ್ಮನಾಗುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಎಂಬ ಟಿಕ್ ಇದೆ. ಅದನ್ನು ಹಾಕಿದ್ದರೆ ಇಡೀ ಹೊಲವೇ ಉತ್ತ ಹಾಗೆ. ಅಂಥವರಿಗೆ ನಾನು ಆಸೆ ಹುಟ್ಟಿಸುವುದಿಲ್ಲ.

3. ಬೀಗದ ಗುಂಡಿ ಕೆಳಗೆ ಸರಿಸಿ

ಎಸ್‌ಡಿ ಕಾರ್ಡಿನ ಪಕ್ಕದ ಅಂಚಿನಲ್ಲಿ, ಮೊಬೈಲ್ ಚಿಪ್ಪು ಹಾಕುವ ಅಡಾಪ್ಟರಿನಲ್ಲೂ, ಒಂದು ಪುಟ್ಟ ಗುಂಡಿ ಇದೆ. ಅದನ್ನು ಲಾಕ್ ಕಡೆಗೆ ಸರಿಸಿಯೇ ಕಂಪ್ಯೂಟರಿಗೆ ಹಾಕಿ. ಆ ಗುಂಡಿಗೆ ಕಾರ್ಡಿನೊಳಗೆ ಯಾವ ತಂತಿಯೂ ಇಲ್ಲ, ಬರೆಯಬೇಡ ಎಂದು ರೀಡರಿಗೆ ತೋರಿಸುವ ಗುರುತು ಅಷ್ಟೇ. ಅಗ್ಗದ ರೀಡರುಗಳು ಆ ಗುರುತನ್ನು ನೋಡುವುದೇ ಇಲ್ಲ. ಆದರೂ ನಾನು ಸರಿಸುತ್ತೇನೆ.

4. ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ಹೌದು ಎನ್ನಬೇಡಿ

ಕೆಟ್ಟ ಕಾರ್ಡು ಹಾಕಿದ ಕೂಡಲೇ ವಿಂಡೋಸ್ "ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳುತ್ತದೆ. ಇಲ್ಲವೇ "ಸರಿಪಡಿಸಲೇ?" ಎನ್ನುತ್ತದೆ. ಎರಡಕ್ಕೂ ಬೇಡ ಅನ್ನಿ. ಸರಿಪಡಿಸುವುದು ಎಂದರೆ ಅದರ ಪಾಲಿಗೆ ಲೆಕ್ಕದ ಪುಸ್ತಕ ಸರಿಮಾಡುವುದು. ನಿಮ್ಮ ಫೋಟೋದ ಚಿಂತೆ ಅದಕ್ಕಿಲ್ಲ. ಹಾಗೆ ಸರಿಪಡಿಸಿ ತಂದ ಕಾರ್ಡುಗಳಲ್ಲಿ ಫೌಂಡ್.000 ಎಂಬ ಫೋಲ್ಡರು, ಅದರೊಳಗೆ ಸಿಎಚ್‌ಕೆ ಎಂದು ಮುಗಿಯುವ ಚೂರುಗಳು ಕಾಣುತ್ತವೆ. ಕೆಲವು ಚೂರುಗಳ ಬಾಲ ಜೆಪಿಜಿ ಎಂದು ಬದಲಿಸಿದರೆ ಫೋಟೋ ತೆರೆದುಕೊಳ್ಳುವುದೂ ಉಂಟು. ಹಾಗಾಗಿ ಆ ಫೋಲ್ಡರನ್ನು ಕಸ ಎಂದು ತೆಗೆದುಹಾಕಬೇಡಿ. ಇನ್ನು ಬಿಟ್ಟಿ ಸಹಾಯ ಮಾಡುವ ಪರಿಚಯದವರು ನಾಲ್ಕೈದು ಸಾಫ್ಟ್‌ವೇರ್ ಹಾಕಿ ನೋಡಿ, ಸಿಕ್ಕಿದ್ದನ್ನು ಅದೇ ಕಾರ್ಡಿಗೇ ಉಳಿಸಿರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ. ಅಷ್ಟರಲ್ಲಿ ಉಳಿದದ್ದೂ ಹೋಗಿರುತ್ತದೆ.

5. ಮೊದಲು ನಕಲು, ಆಮೇಲೆ ಹುಡುಕಾಟ

ಕಾರ್ಡಿನ ಮೇಲೆ ನೇರವಾಗಿ ಹುಡುಕುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಕಾರ್ಡಿನ ಮೊದಲ ಬಿಂದುವಿನಿಂದ ಕೊನೆಯವರೆಗೆ, ಖಾಲಿ ಎನ್ನುವ ಜಾಗವನ್ನೂ ಬಿಡದೆ, ಲ್ಯಾಪ್‌ಟಾಪಿನಲ್ಲಿ ಒಂದೇ ಕಡತವಾಗಿ ಇಳಿಸಿಕೊಳ್ಳುತ್ತೇನೆ. ಸೆಕೆಂಡಿಗೆ 20 ಎಂಬಿ ಓದುವ ರೀಡರಿನಲ್ಲಿ 32 ಜಿಬಿ ಕಾರ್ಡಿಗೆ ಅರ್ಧ ಗಂಟೆ ಸಾಕು. ಆಮೇಲೆ ಹತ್ತು ಸಲ ಹುಡುಕಿದರೂ ಆ ಕಡತದಲ್ಲೇ. ಕಾರ್ಡು ಲಕೋಟೆಯಲ್ಲಿರುತ್ತದೆ.

ಸಾಯುತ್ತಿರುವ ಕಾರ್ಡುಗಳಿಗೆ ಇದು ಇನ್ನೂ ಮುಖ್ಯ. ಒಮ್ಮೆ ಕಂಡು ಒಮ್ಮೆ ಕಾಣದ, ಕೈಗೆ ಬಿಸಿ ತಟ್ಟುವ ಕಾರ್ಡು ಇನ್ನೆಷ್ಟು ಸಲ ಓದಿಸಿಕೊಳ್ಳುತ್ತದೋ ಹೇಳಲಾಗದು. ಅವಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್ ಹಾಕುತ್ತೇನೆ. ಅದು ಮೊದಲು ಸಲೀಸಾಗಿ ಬರುವುದನ್ನೆಲ್ಲ ಬಾಚಿಕೊಂಡು, ಮೊಂಡು ಹಿಡಿದ ಜಾಗಗಳಿಗೆ ಕೊನೆಯಲ್ಲಿ ಮರಳಿ ಬರುತ್ತದೆ. ಎಲ್ಲಿಯವರೆಗೆ ಓದಿತು ಎಂದು ಒಂದು ನಕ್ಷೆ ಬರೆದಿಡುತ್ತದೆ, ಕರೆಂಟ್ ಹೋಗಿ ಬಂದರೂ ಅಲ್ಲಿಂದಲೇ ಮುಂದುವರಿಯುತ್ತದೆ.

ಕಾಡಿನಲ್ಲಿ ಪ್ರಾಣಿಗಳ ಲೆಕ್ಕ ಹಿಡಿಯುವವರು ಮರಕ್ಕೆ ಕಟ್ಟುವ ಕ್ಯಾಮೆರಾದಲ್ಲೂ ಇಂಥದೇ ಕಾರ್ಡು ಇರುತ್ತದೆ. ನಮ್ಮ ಪಕ್ಕದ ಕರ್ನಾಟಕದ ಕಾವೇರಿ ವನ್ಯಧಾಮದಲ್ಲಿ ತರಕರಡಿ ಇರುವುದಕ್ಕೆ ಸಂಜಯ್ ಗುಬ್ಬಿ ಮತ್ತು ಜತೆಗಾರರು 2014ರಲ್ಲಿ ಪ್ರಕಟಿಸಿದ ಸಾಕ್ಷಿ ಇಂಥ ಕ್ಯಾಮೆರಾದ ಚಿತ್ರಗಳೇ. ಮಳೆ, ತೇವ, ಇರುವೆ ಎಲ್ಲವನ್ನೂ ತಡೆದುಕೊಂಡು ಬಂದ ಕಾರ್ಡದು. ಅಂಥದ್ದನ್ನು ಮೊದಲು ನಕಲು ಮಾಡದೆ ತೆರೆದು ನೋಡಲು ನನಗಂತೂ ಧೈರ್ಯವಿಲ್ಲ.

6. ಹೆಸರು ಹೋಗಲಿ, ದಿನಾಂಕ ಉಳಿದಿರುತ್ತದೆ

ಫೋಟೋರೆಕ್ ನನ್ನ ಮುಖ್ಯ ಆಯುಧ. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟದ್ದು. ಅದು ಲೆಕ್ಕದ ಪುಸ್ತಕವನ್ನು ನಂಬುವುದಿಲ್ಲ, ಹೊಲಕ್ಕೇ ಇಳಿದು ಹುಡುಕುತ್ತದೆ. ಪ್ರತಿ ಜೆಪೆಗ್ ಫೋಟೋ ಎಫ್‌ಎಫ್ ಡಿ8 ಎಂಬ ಗುರುತಿನಿಂದ ಶುರುವಾಗಿ ಎಫ್‌ಎಫ್ ಡಿ9ರಲ್ಲಿ ಮುಗಿಯುತ್ತದೆ. ಆ ಜಾಡು ಹಿಡಿದು ಒಂದೊಂದನ್ನೂ ಎತ್ತಿ ತರುತ್ತದೆ. ಹೆಸರುಗಳು ಮಾತ್ರ ಉಳಿಯುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದ ಸಂಖ್ಯೆ ಇರುವ ಸಾವಿರಾರು ಕಡತ ನೋಡಿ ಜನ ಎದೆಗುಂದುತ್ತಾರೆ. ಆದರೆ ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆ ಎಂಬ ವಿವರ ಫೋಟೋದ ಹೊಟ್ಟೆಯಲ್ಲೇ ಇರುತ್ತದೆ. ತೆಗೆದ ವೇಳೆಯ ಪ್ರಕಾರ ಜೋಡಿಸಿದರೆ ಅರಿಶಿಣದಿಂದ ಆರತಿವರೆಗೆ ಮದುವೆ ತಾನಾಗಿಯೇ ಸಾಲು ಹಿಡಿಯುತ್ತದೆ. ಅದಕ್ಕಾಗಿಯೇ ಕ್ಯಾಮೆರಾದ ಗಡಿಯಾರ ಸರಿಯಿಟ್ಟುಕೊಳ್ಳಿ ಎಂದು ಹುಡುಗರಿಗೆ ಹೇಳುತ್ತಲೇ ಇರುತ್ತೇನೆ.

ಮೇಲಿನ ಅರ್ಧ ಮುಖ, ಕೆಳಗಿನ ಅರ್ಧ ಬೂದುಬಣ್ಣ ಹೀಗೆ ಬಂದರೆ, ಆ ಫೋಟೋ ಕಾರ್ಡಿನಲ್ಲಿ ತುಂಡುತುಂಡಾಗಿ ಬೇರೆಬೇರೆ ಕಡೆ ಇತ್ತು ಅಥವಾ ಅದರ ಬಾಲದ ಮೇಲೆ ಬೇರೇನೋ ಬರೆಯಲಾಗಿದೆ ಎಂದರ್ಥ. ಆಗಾಗ ಒಂದೆರಡು ಫೋಟೋ ಅಳಿಸಿ ಜಾಗ ಮಾಡಿಕೊಂಡು ಮತ್ತೆ ತೆಗೆಯುವವರ ಕಾರ್ಡಿನಲ್ಲಿ ಇಂಥವು ಹೆಚ್ಚು. ವಿಡಿಯೋಗಳಿಗೂ ಇದೇ ಕಾಟ. ಮೇಲಾಗಿ ವಿಡಿಯೋದ ಸೂಚಿ ಹಲವು ಸಲ ಕಡತದ ಕೊನೆಯಲ್ಲಿ ಬರೆಯಲ್ಪಡುತ್ತದೆ. ಬ್ಯಾಟರಿ ಮಧ್ಯದಲ್ಲೇ ಸತ್ತರೆ ಅದು ಬರೆದಿರುವುದೇ ಇಲ್ಲ.

7. ಚಿಕ್ಕದನ್ನು ಬಿಸಾಡಬೇಡಿ

ಅಂಚೆಟ್ಟಿ ಕಡೆಯಿಂದ ಒಬ್ಬ ಅಕ್ಕ ಬಂದಿದ್ದರು. ತೀರಿಹೋದ ತಾಯಿಯದು ಒಂದೇ ಒಂದು ಫೋಟೋ ಚಿಪ್ಪಿನಲ್ಲಿತ್ತಂತೆ, ಮಗ ಅದನ್ನು ಅಳಿಸಿ ಸಿನಿಮಾ ತುಂಬಿಸಿಕೊಂಡಿದ್ದ. ಸಿನಿಮಾ ಎಂದರೆ ಒಂದೊಂದೂ ಜಿಬಿಗಟ್ಟಲೆ. ಆ ಫೋಟೋದ ಹೆಚ್ಚಿನ ಭಾಗ ಉಳಿದಿರಲಿಲ್ಲ. ಆದರೆ ಫೋಟೋ ತೆಗೆದಾಗ ಕ್ಯಾಮೆರಾ ಅದರ ತಲೆಭಾಗದಲ್ಲಿ ಒಂದು ಪುಟಾಣಿ ನಕಲನ್ನೂ ಸೇರಿಸಿಟ್ಟಿರುತ್ತದೆ, ಸಾಮಾನ್ಯವಾಗಿ 160 ಅಡ್ಡ, 120 ಉದ್ದ ಚುಕ್ಕೆಗಳಷ್ಟು. ಫೋಟೋರೆಕ್ ಅಂಥವನ್ನು ಟಿ ಅಕ್ಷರದಿಂದ ಶುರುವಾಗುವ ಹೆಸರಿನಲ್ಲಿ ಬೇರೆಯಾಗಿ ಇಡುತ್ತದೆ. ಮೊದಮೊದಲು ನಾನು ಅವನ್ನೆಲ್ಲ ಒಟ್ಟಿಗೆ ಅಳಿಸುತ್ತಿದ್ದೆ. ಆ ದಿನ ಅವುಗಳಲ್ಲೇ ಆ ತಾಯಿ ಸಿಕ್ಕಿದರು, ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ.

ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎಂದರು. ಆಗುವುದಿಲ್ಲಕ್ಕ, ಹಿಗ್ಗಿಸಿದರೆ ಮುಖ ಕಲೆಸಿಹೋಗುತ್ತದೆ ಎಂದೆ. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಅದು ಅಚ್ಚಾಗುವುದು ಅರ್ಧ ಇಂಚಿಗೆ. ಅರ್ಧ ಇಂಚಿಗೇ ಹಾಕಿ ಕೊಟ್ಟೆ. ಸರದ ಡಾಲರಿನೊಳಗೆ ಕೂರಿಸಿಕೊಂಡರು. ಮುಂದಿನ ವಾರ ತಂಗಿಗೂ ಒಂದು ಬೇಕೆಂದು ಬಂದರು.

ಮೊಬೈಲಿನಲ್ಲಾದರೆ ಡಿಸಿಐಎಂ ಫೋಲ್ಡರಿನೊಳಗೆ ಥಂಬ್‌ನೇಲ್ಸ್ ಎಂಬ ಅಡಗಿದ ಫೋಲ್ಡರನ್ನೂ ನೋಡಿ. ಕೆಲವು ಫೋನುಗಳಲ್ಲಿ ಅಲ್ಲಿ ಇದಕ್ಕಿಂತ ದೊಡ್ಡವೇ ಸಿಗುತ್ತವೆ.

8. ಫೋನಿನೊಳಗಿನದ್ದಕ್ಕೆ ನನ್ನ ಬಳಿ ಮದ್ದಿಲ್ಲ, ನೆಂಟರ ಬಳಿ ಇರಬಹುದು

ಮಳೆಗಾಲ ಕಳೆದು ರಾಗಿ ತೆನೆ ಬಲಿಯುವಾಗ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ ಕಾಡಿಗೆ ಇಳಿಯುತ್ತವೆ. ಅಲ್ಲಿಂದ ಡೆಂಕಣಿಕೋಟೆ, ಹೊಸೂರಿನ ಕಡೆ ಹೊಲಗಳಿಗೆ. ತುಳಿದ ಹೊಲದ ಫೋಟೋ ಪರಿಹಾರದ ಅರ್ಜಿಯ ಜತೆ ಇಡಲು ಬೇಕು. ಒಬ್ಬ ಹಿರಿಯರು ಬೆಳಗಿನ ಜಾವವೇ ತೆಗೆದಿಟ್ಟ ಫೋಟೋಗಳನ್ನು ಮೊಮ್ಮಗ ಆಟವಾಡುತ್ತಾ ಅಳಿಸಿದ್ದ. ನಾನು ಬರುವಷ್ಟರಲ್ಲಿ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದರು. ಫೋಟೋ ಇದ್ದದ್ದು ಫೋನಿನ ಒಳ ಮೆಮೊರಿಯಲ್ಲಿ. ಈಗಿನ ಫೋನುಗಳಲ್ಲಿ ಅಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಅಳಿಸಿದ ಫೋಟೋದ ಕೀಲಿಯೂ ಅದರೊಂದಿಗೇ ಹೋಗುತ್ತದೆ. ಚಿಪ್ಪನ್ನು ಫೋನಿನ ಒಳ ಮೆಮೊರಿಯಾಗಿ ಸೇರಿಸಿಕೊಂಡಿದ್ದರೂ ಹಾಗೆಯೇ. ಅದನ್ನು ಬೇರೆ ಎಲ್ಲಿ ಹಾಕಿದರೂ ತೆರೆಯುವುದಿಲ್ಲ.

ಅವರ ಗ್ಯಾಲರಿಯ ಕಸದಬುಟ್ಟಿ ನೋಡಿದೆ, ಅದನ್ನೂ ಮೊಮ್ಮಗ ಖಾಲಿ ಮಾಡಿದ್ದ. ಗೂಗಲ್ ಫೋಟೋಸ್‌ಗೆ ಏರಿದ್ದರೆ ಅಲ್ಲಿನ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಏರಿರಲಿಲ್ಲ. "ಯಾರಿಗಾದ್ರೂ ಕಳಿಸಿದ್ರಾ ತಾತ?" ಎಂದು ಕೇಳಿದೆ. ತಳಿಯಲ್ಲಿರುವ ಅಳಿಯನಿಗೆ ಕಳಿಸಿದ್ದರು. ಅಳಿಯನ ಫೋನಿನಲ್ಲಿ ಏಳೂ ಇದ್ದವು. ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ತೆಗೆದ ವೇಳೆಯ ವಿವರವನ್ನೂ ಕಿತ್ತುಹಾಕುತ್ತದೆ. ಆದರೂ ಮಲಗಿದ ತೆನೆ, ಮಣ್ಣಿನಲ್ಲಿ ಆನೆ ಹೆಜ್ಜೆ ಸ್ಪಷ್ಟವಾಗಿದ್ದವು. ಈಗ ಯಾರು ಬಂದರೂ ಮೊದಲು ಕೇಳುವುದು ಇದನ್ನೇ.

9. ಸುಳ್ಳು ಕಾರ್ಡು

ಸಂತೆಯಲ್ಲಿ ಅಗ್ಗಕ್ಕೆ ಸಿಗುವ ದೊಡ್ಡ ಸಂಖ್ಯೆಯ ಕಾರ್ಡುಗಳಲ್ಲಿ ಕೆಲವು ಒಳಗೆ ಬರೀ 8 ಜಿಬಿ ಇರುತ್ತವೆ, ಮೇಲೆ 128 ಎಂದು ಬರೆದುಕೊಂಡಿರುತ್ತವೆ. ತುಂಬಿದ ಮೇಲೂ ಬರೆದಂತೆ ನಟಿಸುತ್ತವೆ. ಬರೆಯದೇ ಇದ್ದದ್ದನ್ನು ಯಾರೂ ತೆಗೆದುಕೊಡಲಾರರು. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇಡೀ ಕಾರ್ಡು ತುಂಬಿಸಿ, ಮರಳಿ ಓದಿಸಿ ನೋಡದೆ ನಾನು ಹೊಸ ಕಾರ್ಡನ್ನು ಮದುವೆಗೆ ಒಯ್ಯುವುದಿಲ್ಲ.

10. ಕಾರ್ಡು ಯಾರದು ಎಂದು ಕೇಳಿ

ಮರಳಿ ಬರುವುದು ಬೇಕಾದ ಫೋಟೋ ಮಾತ್ರವಲ್ಲ. ಬೇಕೆಂದೇ ಅಳಿಸಿದ್ದೂ ಬರುತ್ತದೆ, ಎರಡು ವರ್ಷದ ಹಿಂದಿನದೂ ಬರುತ್ತದೆ, ಚಿಪ್ಪನ್ನು ಮೊದಲು ಬಳಸಿದವರದ್ದೂ ಬರುತ್ತದೆ. ಒಂದು ಮಧ್ಯಾಹ್ನ ಒಬ್ಬಾತ ಹೆಂಡತಿಯ ಫೋನಿನ ಚಿಪ್ಪು ತಂದು, ಅವಳು ಅಳಿಸಿದ್ದೇನಿದೆ ತೆಗೆದು ತೋರಿಸಿ ಎಂದ. ಅವರನ್ನೇ ಕರೆದುಕೊಂಡು ಬನ್ನಿ, ಅವರು ಹೇಳಿದರೆ ಮಾಡುತ್ತೇನೆ ಎಂದು ಚಿಪ್ಪು ವಾಪಸು ಕೊಟ್ಟೆ. ಜಗಳವಾಡಿದ. ಎರಡರಷ್ಟು ದುಡ್ಡು ಕೊಡುತ್ತೇನೆಂದ. ಅವತ್ತು ಅಂಗಡಿಯಲ್ಲಿದ್ದ ಇಬ್ಬರೂ ನಾನು ಸುಮ್ಮನೆ ಗಿರಾಕಿ ಕಳೆದುಕೊಂಡೆ ಎಂದರು. ಈ ಊರಿನ ಹೆಣ್ಣುಮಕ್ಕಳು ಮದುವೆ, ಸೀಮಂತ, ನಾಮಕರಣಕ್ಕೆ ನನ್ನ ಕ್ಯಾಮೆರಾದ ಮುಂದೆ ಬಂದು ನಿಲ್ಲುತ್ತಾರೆ. ಆ ನಂಬಿಕೆಯನ್ನು ಎರಡರಷ್ಟು ದುಡ್ಡಿಗೆ ಮಾರುವುದಕ್ಕಾಗುವುದಿಲ್ಲ.

ಹಾಗಾಗಿ ನನ್ನ ಅಂಗಡಿಯಲ್ಲಿ ಹುಡುಕಾಟ ನಡೆಯುವಾಗ ಪರದೆ ಕಾರ್ಡಿನವರ ಕಡೆಗೆ ತಿರುಗಿರುತ್ತದೆ, ಆರಿಸುವವರು ಅವರೇ. ಅವರು ಫೋಟೋ ತೆಗೆದುಕೊಂಡು ಹೋಗಿ, ಮನೆಯಲ್ಲಿ ತೆರೆದು ನೋಡಿ, ಸರಿಯಿದೆ ಎಂದು ಫೋನ್ ಮಾಡಿದ ದಿನ ನನ್ನಲ್ಲಿರುವ ನಕಲನ್ನು ಅಳಿಸುತ್ತೇನೆ, ಆ ಜಾಗದ ಮೇಲೆ ಬೇರೆ ಕಡತ ತುಂಬಿಸಿ. ಹಳೆಯ ಚಿಪ್ಪನ್ನು ಯಾರಿಗಾದರೂ ಕೊಡುವ ಮುಂಚೆ ನೀವೂ ಹಾಗೆ ಮಾಡಿ. ಬರೀ ಫಾರ್ಮ್ಯಾಟ್ ಮಾಡಿದರೆ ಏನೇನು ಉಳಿದಿರುತ್ತದೆ ಎಂದು ದಿನವೂ ನೋಡುತ್ತಿರುವವನು ನಾನು.

11. ಲಕೋಟೆ

ಈಗ ಮದುವೆಗೆ ಹೊರಡುವಾಗ ಎರಡು ಕಾರ್ಡು ಹಿಡಿಸುವ ಕ್ಯಾಮೆರಾ ಒಯ್ಯುತ್ತೇನೆ. ಒಂದೊಂದು ಫೋಟೋವೂ ಎರಡೂ ಕಡೆ ಬೀಳುತ್ತದೆ. ತುಂಬಿದ ಕಾರ್ಡು ಲಕೋಟೆಗೆ ಹೋಗುತ್ತದೆ, ಲಕೋಟೆಯ ಮೇಲೆ ದಿನಾಂಕ, ಗಂಡು ಹೆಣ್ಣಿನ ಹೆಸರು. ಎರಡು ಹಾರ್ಡ್‌ಡಿಸ್ಕಿಗೆ ಇಳಿಸಿ, ಒಂದು ಅಂಗಡಿಯಲ್ಲಿ ಇನ್ನೊಂದು ಮನೆಯಲ್ಲಿ ಇಟ್ಟ ಮೇಲೂ ಲಕೋಟೆ ಒಡೆಯುವುದಿಲ್ಲ. ಆಲ್ಬಂ ಮನೆಯವರ ಕೈ ಸೇರಿ, ಅವರು ಕೂತು ಪುಟ ತಿರುವಿ, ಇಂಥವರ ಫೋಟೋ ಇಲ್ಲವಲ್ಲ ಎಂದು ಕೇಳುವುದೆಲ್ಲ ಮುಗಿಯಬೇಕು. ಆಮೇಲೆ ನಾನೇ ನನ್ನ ಕೈಯಾರೆ ಫಾರ್ಮ್ಯಾಟ್ ಮಾಡುತ್ತೇನೆ, ಹುಡುಗರಿಗೆ ಬಿಡುವುದಿಲ್ಲ.