ನೂಲು ಬಿಚ್ಚುವ ಕೈ, ನೂಲು ಬಿಚ್ಚುವ ಯಂತ್ರ

ಶ್ರೀಮಂತ ದೇಶದ ಕಾರ್ಮಿಕ ನಮ್ಮವರಿಗಿಂತ ಹಲವು ಪಟ್ಟು ಹೆಚ್ಚು ಸಂಪಾದಿಸುತ್ತಾನೆ. ಹಾಗಾದರೆ ಅವನ ಕೈ ನಮ್ಮ ಕೈಗಿಂತ ಚುರುಕೇ? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಶಿಡ್ಲಘಟ್ಟದ ಯಾವುದಾದರೂ ರೀಲಿಂಗ್ ಘಟಕಕ್ಕೆ ಹೋದರೆ ಸಾಕು.

ಬಿಸಿನೀರಿನ ಬೇಸಿನ್ ಮುಂದೆ ಕುಳಿತ ತಾಯಿ ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ತೆಗೆಯುತ್ತಾರೆ. ಗೂಡು ಬಿಚ್ಚುತ್ತಾ ಹೋದಂತೆ ಎಳೆ ಸಣ್ಣದಾಗುತ್ತದೆ. ನೂಲಿನ ದಪ್ಪ ಕೆಡದಂತೆ ಯಾವಾಗ ಹೊಸ ಗೂಡಿನ ಎಳೆ ಕೊಡಬೇಕೆಂದು ಅವರ ಕಣ್ಣು, ಬೆರಳೇ ಹೇಳುತ್ತವೆ. ಇದು ವರ್ಷಗಟ್ಟಲೆ ಕಲಿತ ವಿದ್ಯೆ, ಸರ್ಟಿಫಿಕೇಟ್ ಇಲ್ಲ ಅಷ್ಟೆ. (ಅರ್ಜಿಯಲ್ಲಿ ತಾಯಿಯ ಉದ್ಯೋಗ 'ಕೂಲಿ' ಎಂದು ಬರೆಯುವ ಮಕ್ಕಳು ಗಮನಿಸಬೇಕು.)

1950ರ ದಶಕದಲ್ಲಿ ಜಪಾನಿನವರು ಬೆಳೆಸಿದ ಆಟೋಮ್ಯಾಟಿಕ್ ರೀಲಿಂಗ್ ಯಂತ್ರದಲ್ಲಿ ಇದೇ ಕೆಲಸವನ್ನು ದಪ್ಪ ಅಳೆಯುವ ಒಂದು ಪುಟ್ಟ ಸಾಧನ ಮಾಡುತ್ತದೆ. ನೂಲು ತೆಳುವಾದ ಕೂಡಲೇ ಯಂತ್ರವೇ ಹೊಸ ಗೂಡು ಕೊಡುತ್ತದೆ. 400 ನೂಲುಗಳನ್ನು ಏಕಕಾಲಕ್ಕೆ ಎಳೆಯುವ ಇಂಥ ಯಂತ್ರಗಳು ಈಗ ಚೀನಾದಿಂದ ನಮ್ಮ ರಾಜ್ಯಕ್ಕೂ ಬಂದಿವೆ. ಕೌಶಲ ಮಾಯವಾಗಲಿಲ್ಲ. ಬೆರಳನ್ನು ಬಿಟ್ಟು ಯಂತ್ರ ಕಟ್ಟುವವರ, ರಿಪೇರಿ ಮಾಡುವವರ ಕಡೆಗೆ ಹೋಯಿತು. ಸಂಬಳವೂ ಅದರ ಹಿಂದೆಯೇ ಹೋಯಿತು.

ಆದರೆ ದುಡ್ಡು ಕೂಡಿಸಿ ಯಂತ್ರ ತಂದಿಟ್ಟರೆ ಮುಗಿಯುವುದಿಲ್ಲ. ಅದಕ್ಕೆ ಒಂದೇ ಸಮನಾದ ಬಿಳಿ ದ್ವಿತಳಿ ಗೂಡು ಬೇಕು. ನಮ್ಮ ಹಳದಿ ಮಿಶ್ರತಳಿ ಗೂಡಿನ ಎಳೆ ಗಿಡ್ಡ, ಏರುಪೇರೂ ಹೆಚ್ಚು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಜಪಾನಿನ ಸಹಕಾರದಿಂದ ನಮ್ಮ ಹವೆಗೆ ಒಗ್ಗುವ ಸಿ.ಎಸ್.ಆರ್. ದ್ವಿತಳಿಗಳನ್ನು ಬೆಳೆಸಿತು. ಅವನ್ನು ಸಾಕಲು ರೈತನಿಗೆ ಶುಚಿಯಾದ ಹುಳುಮನೆ, ಒಳ್ಳೆಯ ಸೊಪ್ಪು, ಶಾಖ ಮತ್ತು ತೇವಾಂಶದ ಲೆಕ್ಕ ಬೇಕು. ಯಂತ್ರದ ಹಿಂದೆ ಇಷ್ಟು ಜನರ ಓದು ಇದೆ.

ಜಪಾನೂ ಒಂದು ಕಾಲದಲ್ಲಿ ಕಲಿಯುವ ದೇಶವೇ ಆಗಿತ್ತು. 1872ರಲ್ಲಿ ತೊಮಿಯೊಕಾದಲ್ಲಿ ಸರ್ಕಾರ ಫ್ರಾನ್ಸಿನ ಯಂತ್ರ ತರಿಸಿತು, ಕಲಿಸಲು ಅಲ್ಲಿಂದಲೇ ಹೆಂಗಸರನ್ನೂ ಕರೆಸಿತು. ಕಲಿತ ಜಪಾನಿ ಹೆಣ್ಣುಮಕ್ಕಳು ತಮ್ಮ ತಮ್ಮ ಊರಿಗೆ ಮರಳಿ ಬೇರೆಯವರಿಗೆ ಕಲಿಸಿದರು. ಯಂತ್ರಕ್ಕಿಂತ ಈ ಮರಳಿಕೆಯೇ ದೊಡ್ಡದೆಂದು ನಮ್ಮ ಅಭಿಪ್ರಾಯ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಅರ್ಜಿಗಳಲ್ಲಿ ರೀಲರ್‌ಗಳ ಮಕ್ಕಳು ಹೆಚ್ಚಾಗಿ ಬಿ.ಎ., ಬಿ.ಕಾಂ. ಕೇಳುತ್ತಾರೆ. ಕೇಳಲಿ, ತಪ್ಪೇನಿಲ್ಲ. ಆದರೆ ರೇಷ್ಮೆ ಕೃಷಿ ಕಲಿಸಲೆಂದೇ ಶುರುವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜು ಚಿಂತಾಮಣಿಯಲ್ಲೇ ಇದೆ. ಐ.ಟಿ.ಐ. ಫಿಟ್ಟರ್, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ರೇಷ್ಮೆ ಕೃಷಿಯ ಪದವಿ ಓದಬಯಸುವವರ ಅರ್ಜಿಗಳನ್ನೂ ಉಳಿದ ಪದವಿಗಳ ಸಮಕ್ಕೇ ಪರಿಗಣಿಸುತ್ತೇವೆ. ಹುಡುಗಿಯರೂ ಧಾರಾಳವಾಗಿ ಅರ್ಜಿ ಹಾಕಬಹುದು.